ನದಿಯ ವರ್ಷ ಜೂನ್‌ನಿಂದ ಶುರು: ಮಳೆ ಮತ್ತು ಹರಿವಿನ ಲೆಕ್ಕ ನೀವೇ ಇಡುವ ಬಗೆ

ಜುಲೈ ಬಂತೆಂದರೆ ಪತ್ರಿಕೆಯ ಮೂಲೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ದಿನವೂ ಕಾಣಿಸುತ್ತದೆ: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬಹುತೇಕರು ಅಡಿಯನ್ನಷ್ಟೇ ನೋಡಿ ಪುಟ ತಿರುವುತ್ತಾರೆ. ಬಾಗಿನ ಅರ್ಪಿಸುವ ದಿನ ಎಷ್ಟು ದೂರವಿದೆ ಎಂದು ತಿಳಿಯಲು ಅಷ್ಟು ಸಾಕು. ಹೋದ ವರ್ಷ ದಡ ಮೀರಿದ ಹೊಳೆ ಈ ವರ್ಷ ಏಕೆ ಸೊರಗಿತು, ಜೂನ್‌ನಲ್ಲಿ ಧೋ ಎಂದು ಸುರಿದರೂ ನೀರೇಕೆ ಏರಲಿಲ್ಲ ಎಂಬುದಕ್ಕೆ ಉತ್ತರ ಬೇಕಾದರೆ ಮಾತ್ರ ಮಳೆಯನ್ನೂ ಹರಿವನ್ನೂ ಒಂದೇ ಪುಸ್ತಕದಲ್ಲಿ, ಒಂದೇ ಅಳತೆಯಲ್ಲಿ ಬರೆದಿಡಬೇಕು. ಆ ಲೆಕ್ಕ ಇಡುವ ಕ್ರಮ ಇಲ್ಲಿದೆ. ಉದಾಹರಣೆಗಳು ಹೆಚ್ಚಾಗಿ ಕಾವೇರಿಯ ಮೇಲ್ಭಾಗದವು. ತುಂಗೆಗೂ ನೇತ್ರಾವತಿಗೂ ನಿಮ್ಮ ಊರ ಹಿಂದಿನ ಹಳ್ಳಕ್ಕೂ ಇದೇ ಕ್ರಮ ಹೊಂದುತ್ತದೆ.

ಅಳತೆಗಳನ್ನು ಒಂದೇ ಭಾಷೆಗೆ ತನ್ನಿ

ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ, ಹರಿವನ್ನು ಕ್ಯುಸೆಕ್‌ನಲ್ಲಿ (ಸೆಕೆಂಡಿಗೆ 1 ಘನ ಅಡಿ), ಸಂಗ್ರಹವನ್ನು ಟಿಎಂಸಿಯಲ್ಲಿ. ಮೂರೂ ಬೇರೆ ಬೇರೆ ಇರುವವರೆಗೆ ಹೋಲಿಕೆ ಸಾಧ್ಯವಿಲ್ಲ. ಪುಸ್ತಕದ ಮೊದಲ ಪುಟದಲ್ಲೇ ಇಷ್ಟನ್ನು ಬರೆದುಕೊಳ್ಳಿ:

1 ಕ್ಯುಮೆಕ್ ಎಂದರೆ ಸೆಕೆಂಡಿಗೆ 1 ಘನ ಮೀಟರ್, ಅಂದರೆ 35.3 ಕ್ಯುಸೆಕ್.
1 ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್.
11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ.
1 ಚದರ ಕಿಲೋಮೀಟರ್ ಮೇಲೆ 1 ಮಿಮೀ ಮಳೆ ಬಿದ್ದರೆ 1,000 ಘನ ಮೀಟರ್ ನೀರು.

ಕೊನೆಯ ಸಾಲೇ ಎಲ್ಲಕ್ಕೂ ಕೀಲಿಕೈ. ಹೊಳೆಯಲ್ಲಿ ಹರಿದ ನೀರನ್ನು ಅದರ ಜಲಾನಯನ ಪ್ರದೇಶದ, ಅಂದರೆ ಬಿದ್ದ ಮಳೆ ಆ ಹೊಳೆಗೆ ಹರಿದು ಬರುವ ನೆಲದ, ವಿಸ್ತೀರ್ಣದಿಂದ ಭಾಗಿಸಿದರೆ ಹರಿವೂ ಮಿಲಿಮೀಟರ್ ಆಗುತ್ತದೆ. ಆಗ ಬಿದ್ದ 100 ಮಿಮೀಯಲ್ಲಿ ಹೊಳೆಗೆ ಬಂದದ್ದು ಎಷ್ಟು ಮಿಮೀ ಎಂದು ನೇರವಾಗಿ ಕೇಳಬಹುದು.

‘ಕೆಆರ್‌ಎಸ್‌ಗೆ 50 ಸಾವಿರ ಕ್ಯುಸೆಕ್’ ಎಂಬ ತಲೆಬರಹ ಕಂಡರೆ 11,574ರಿಂದ ಭಾಗಿಸಿ. ದಿನಕ್ಕೆ 4.3 ಟಿಎಂಸಿ. ಜಲಾಶಯದ ಒಟ್ಟು ಸಾಮರ್ಥ್ಯ 49.45 ಟಿಎಂಸಿ. ಬರಿದಾಗಿದ್ದರೂ ಈ ಗತಿಯಲ್ಲಿ ಹನ್ನೊಂದು ಹನ್ನೆರಡು ದಿನದ ಕೆಲಸ. ಆ ಗತಿ ಹನ್ನೊಂದು ದಿನ ಉಳಿಯುವುದು ಅಪರೂಪ ಎಂಬುದು ಬೇರೆ ಮಾತು.

ಜೂನ್ 1ರಿಂದ ಮೇ 31ರವರೆಗೆ ಒಂದು ಪುಟ

ಜನವರಿಯಿಂದ ಡಿಸೆಂಬರ್‌ವರೆಗೆ ಲೆಕ್ಕ ಇಟ್ಟರೆ ಕೆಡುತ್ತದೆ. ಜನವರಿಯಿಂದ ಮೇವರೆಗೆ ಹರಿಯುವುದು ಹಿಂದಿನ ಮುಂಗಾರಿನ ನೀರು. ಅದನ್ನು ಮುಂದಿನ ಮುಂಗಾರಿನ ಖಾತೆಗೆ ಸೇರಿಸಿದರೆ ಎರಡೂ ವರ್ಷದ ಗುಣ ಮಸುಕಾಗುತ್ತದೆ. ಅದಕ್ಕೇ ನೀರಾವರಿ ಇಲಾಖೆಗಳಿಂದ ನ್ಯಾಯಮಂಡಳಿಗಳವರೆಗೆ ಎಲ್ಲರೂ ಜಲವರ್ಷವನ್ನು ಜೂನ್‌ನಿಂದ ಎಣಿಸುತ್ತಾರೆ. 2023–24 ಎಂದರೆ 2023ರ ಜೂನ್‌ನಿಂದ 2024ರ ಮೇ ಕೊನೆಯವರೆಗೆ.

ಪ್ರತಿ ದಿನಕ್ಕೆ ಒಂದು ಸಾಲು ಸಾಕು: ದಿನಾಂಕ, ಮಳೆ, ಹೊಳೆಯ ಮಟ್ಟ ಅಥವಾ ಒಳಹರಿವು, ಷರಾ. ಪಕ್ಕದಲ್ಲಿ ಮಳೆನಕ್ಷತ್ರವನ್ನೂ ಬರೆಯಿರಿ. ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಆಶ್ಲೇಷ ಆಗಸ್ಟ್ 3ಕ್ಕೆ. ಇದು ಬರೀ ಸಂಪ್ರದಾಯದ ಮೇಲಿನ ಮಮತೆಯಿಂದ ಹೇಳುವ ಮಾತಲ್ಲ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ತಿಂಗಳ ಮೊತ್ತದಲ್ಲಿ ಅಡಗಿಹೋಗುವ ಬಿಡುವು ಹದಿನಾಲ್ಕು ದಿನದ ಮೊತ್ತದಲ್ಲಿ ಎದ್ದು ಕಾಣುತ್ತದೆ. ಜೊತೆಗೆ ‘ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ’ ಎನ್ನುವ ಹಿರಿಯರ ಮಾತನ್ನು ನಿಮ್ಮ ಊರಿನ ಹತ್ತು ವರ್ಷದ ಅಂಕಿಯಿಂದ ಒರೆಗೆ ಹಚ್ಚಲೂಬಹುದು.

ವರ್ಷದ ಆಕಾರ ಹೇಗಿರುತ್ತದೆ ಎಂದು ನೋಡಲು ಸಿದ್ಧ ಕೋಷ್ಟಕವೊಂದಿದೆ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಕರ್ನಾಟಕ–ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಕಾವೇರಿ ಹರಿಯಬೇಕಾದದ್ದು 177.25 ಟಿಎಂಸಿ. ಅದರ ತಿಂಗಳ ಹಂಚಿಕೆ: ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5. ಜಗಳದ ದೃಷ್ಟಿಯಿಂದಲ್ಲದೆ ಹವಾಮಾನದ ದೃಷ್ಟಿಯಿಂದ ಇದನ್ನೊಮ್ಮೆ ಓದಿ. ಮೊದಲ ಐದು ತಿಂಗಳಿಗೇ ಶೇ 81 ಹೋಯಿತು, ಕೊನೆಯ ನಾಲ್ಕು ತಿಂಗಳಿಗೆ ಉಳಿದದ್ದು ಶೇ 6ಕ್ಕಿಂತ ಕಡಿಮೆ. ಆಗಸ್ಟ್‌ನ ಸರಾಸರಿ ದಿನಕ್ಕೆ 17 ಸಾವಿರ ಕ್ಯುಸೆಕ್ ದಾಟಿದರೆ ಫೆಬ್ರುವರಿಯದು ಸಾವಿರದ ಆಸುಪಾಸು. ಇದು ಅಣೆಕಟ್ಟೆಗಳು ತಡೆದು, ಸಮ ಮಾಡಿ ಬಿಟ್ಟ ಮೇಲಿನ ಚಿತ್ರ. ತಡೆಯಿಲ್ಲದ ಹೊಳೆಯಲ್ಲಿ ಏರು ಇನ್ನೂ ಕಡಿದು, ಇಳಿವು ಇನ್ನೂ ಆಳ.

ಗಂಗೆಗೆ ಬೇಸಿಗೆಯಲ್ಲಿ ಹಿಮ ಕರಗಿದ ನೀರಿದೆ. ದಕ್ಷಿಣದ ನದಿಗಳಿಗೆ ಆ ಆಸರೆಯಿಲ್ಲ. ನಾಲ್ಕು ತಿಂಗಳ ಮುಂಗಾರು, ಹಿಂಗಾರಿನ ಅಷ್ಟಿಷ್ಟು, ಮಿಕ್ಕಂತೆ ಮಣ್ಣು ಮತ್ತು ಬಂಡೆಸೀಳಿನಲ್ಲಿ ಉಳಿದ ಒರತೆ. ಇಷ್ಟೇ ಬಂಡವಾಳ.

ಮಳೆಯ ಸರಾಸರಿ ತೆಗೆಯುವಾಗ ಆಗುವ ತಪ್ಪು

ನೈರುತ್ಯದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲೇ ಸುರಿಸುತ್ತದೆ. ಘಟ್ಟ ಇಳಿದು ಪೂರ್ವಕ್ಕೆ ಬಂದ ಗಾಳಿಯಲ್ಲಿ ಉಳಿದಿರುವುದು ಅಲ್ಪ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಮೀಗೂ ಹೆಚ್ಚು ಮಳೆ, ಮೈಸೂರಿನಲ್ಲಿ ಸುಮಾರು 800. ಕೆಆರ್‌ಎಸ್‌ನ ಜಲಾನಯನ ಸುಮಾರು 10,600 ಚದರ ಕಿಮೀ ಇದ್ದರೂ ಅದನ್ನು ತುಂಬಿಸುವುದು ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಒಂದು ಕಿರಿದಾದ ಪಟ್ಟಿ.

ಆದ್ದರಿಂದ ಮಡಿಕೇರಿಯ ಅಂಕಿಯೊಂದನ್ನೇ ಹಿಡಿದರೂ ತಪ್ಪು, ಸಿಕ್ಕ ಎಲ್ಲ ಮಾಪಕಗಳನ್ನು ಕೂಡಿಸಿ ಭಾಗಿಸಿದರೂ ತಪ್ಪು. ನಕ್ಷೆಯ ಮೇಲೆ ಜಲಾನಯನವನ್ನು ಮೂರು ಪಟ್ಟಿಯಾಗಿ ಸೀಳಿ: ಘಟ್ಟದ ಅಂಚು, ಅರೆಮಲೆನಾಡು, ಬಯಲು. ಒಂದೊಂದರ ಪಾಲು ಎಷ್ಟೆಂದು ಅಂದಾಜಿಸಿ ತೂಕ ಕೊಡಿ. ಒಂದು ವಾರದಲ್ಲಿ ಅಂಚಿನಲ್ಲಿ 300 ಮಿಮೀ, ನಡುವೆ 120, ಬಯಲಿನಲ್ಲಿ 20 ಬಿತ್ತೆನ್ನಿ. ವಿಸ್ತೀರ್ಣದ ಪಾಲು ಕ್ರಮವಾಗಿ ಶೇ 15, 25, 60. ತೂಕದ ಸರಾಸರಿ 45 + 30 + 12 = 87 ಮಿಮೀ. ಬರೀ ಕೂಡಿ ಮೂರರಿಂದ ಭಾಗಿಸಿದ್ದರೆ 147 ಬರುತ್ತಿತ್ತು. ಆ ಹೆಚ್ಚುವರಿ 60 ಮಿಮೀಯನ್ನು ಹುಡುಕಿಕೊಂಡು ಆಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಅಂಕಿ ಎಲ್ಲಿ ಸಿಗುತ್ತದೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದ ಮಳೆಯನ್ನೂ ಜಲಾಶಯಗಳ ದಿನದ ಸ್ಥಿತಿಯನ್ನೂ ಪ್ರಕಟಿಸುತ್ತದೆ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳು ಕೂಡಿಗೆ, ತಿ. ನರಸೀಪುರ, ಕೊಳ್ಳೇಗಾಲ, ಬಿಳಿಗುಂಡ್ಲುಗಳಲ್ಲಿವೆ. ನೇತ್ರಾವತಿಗೆ ಬಂಟ್ವಾಳ. ಹಳೆಯ ದಾಖಲೆಗೆ ಇಂಡಿಯಾ-ಡಬ್ಲ್ಯುಆರ್‌ಐಎಸ್ ಜಾಲತಾಣ ನೋಡಿ.

ದಿನಾಂಕದ ತೊಡಕೊಂದಿದೆ, ಎಲ್ಲರೂ ಎಡವುವ ಜಾಗ. ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಓದುತ್ತಾರೆ. ಜುಲೈ 15ರ ಮಳೆ ಎಂದು ಪಟ್ಟಿಯಲ್ಲಿರುವುದರ ಬಹುಪಾಲು ಬಿದ್ದದ್ದು 14ರಂದು. ಹೊಳೆಯ ಮಟ್ಟದ ಓದು 15ರ ಬೆಳಗಿನ ಆ ಕ್ಷಣದ್ದು. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಮಳೆ ಬಿದ್ದ ದಿನವೇ, ಕೆಲವೊಮ್ಮೆ ಅದಕ್ಕೂ ಮೊದಲೇ, ಹೊಳೆ ಏರಿದಂತೆ ಕಾಣುತ್ತದೆ. ನಿಮ್ಮ ಪುಸ್ತಕದಲ್ಲಿ ಮಳೆಯ ಸಾಲನ್ನು ಒಂದು ದಿನ ಹಿಂದಕ್ಕೆ ಸರಿಸಿ ಬರೆಯಿರಿ.

ಜೂನ್‌ನ 100 ಮಿಮೀ ಬೇರೆ, ಆಗಸ್ಟ್‌ನ 100 ಮಿಮೀ ಬೇರೆ

ಮಾರ್ಚ್–ಏಪ್ರಿಲ್‌ನಲ್ಲಿ ಕೊಡಗಿನ ತೋಟಗಾರರು ಕಾಯುವ ಹೂಮಳೆ ಒಂದಿಂಚು ಬಿದ್ದರೆ ಕಾಫಿ ಅರಳುತ್ತದೆ. ಕಾವೇರಿಗೆ ಅದು ಗೊತ್ತೂ ಆಗುವುದಿಲ್ಲ. ಬಿಸಿಲಿಗೆ ಬಿರಿದ ಮಣ್ಣು ಅಷ್ಟನ್ನೂ ಕುಡಿದುಬಿಡುತ್ತದೆ. ಮೃಗಶಿರಾದ ಮೊದಲ ಮಳೆಗಳ ಗತಿಯೂ ಬಹುಮಟ್ಟಿಗೆ ಇದೇ. ಹೊಳೆಯಲ್ಲಿ ಕೆಂಪು ಹೊಸನೀರು ಕಾಣಿಸಿದರೂ ಅದು ಮೇಲ್ಮಣ್ಣು ತೊಳೆದು ಬಂದ ತೆಳು ಪಾಲು. ಮಣ್ಣು ನೆನೆದು, ಕಾಡಿನ ತಳ ತೊಯ್ದು, ಒರತೆಗಳು ಬಾಯಿಬಿಟ್ಟ ಮೇಲೆಯೇ ಹೊಳೆ ಮಳೆಗೆ ತಕ್ಕಂತೆ ಏರುವುದು.

ಇದನ್ನು ಅಂಕಿಯಲ್ಲಿ ಹಿಡಿಯುವುದು ಹೀಗೆ. ಒಂದು ಮಳೆ ಸುತ್ತು ಆರಿಸಿಕೊಳ್ಳಿ. ಮೊದಲೂ ಕೊನೆಗೂ ಎರಡು ಮೂರು ದಿನ ಹೊಳವಾಗಿದ್ದರೆ ಒಳ್ಳೆಯದು. ಮಳೆಗೆ ಮುಂಚೆ ಹೊಳೆಯಲ್ಲಿದ್ದ ಹರಿವನ್ನು ತಳಹರಿವು ಎಂದು ಗುರುತಿಸಿ. ಅದಕ್ಕಿಂತ ಮೇಲೆ ಎಷ್ಟು ನೀರು ಎಷ್ಟು ದಿನ ಹರಿಯಿತೆಂದು ಕೂಡಿಸಿ. 50 ಚದರ ಕಿಮೀ ಜಲಾನಯನದ ಹಳ್ಳದ ಮೇಲೆ 100 ಮಿಮೀ ಬಿತ್ತು ಎಂದರೆ ಬಿದ್ದದ್ದು 50 ಲಕ್ಷ ಘನ ಮೀಟರ್. ನಾಲ್ಕು ದಿನದಲ್ಲಿ ತಳಹರಿವಿನ ಮೇಲೆ 10 ಲಕ್ಷ ಘನ ಮೀಟರ್ ಹೆಚ್ಚು ಹರಿದರೆ ಹೊಳೆಗೆ ಬಂದದ್ದು ಶೇ 20. ಇದೇ ಲೆಕ್ಕವನ್ನು ಜೂನ್ ಮಧ್ಯದಲ್ಲಿ, ಜುಲೈ ಕೊನೆಯಲ್ಲಿ, ಸೆಪ್ಟೆಂಬರ್‌ನಲ್ಲಿ ಮಾಡಿ. ಮೂರು ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ಮಣ್ಣಿನ ಹೊಟ್ಟೆಯ ಅಳತೆ. ಲೆಕ್ಕ ಶೇ 100 ದಾಟಿದರೆ ಹೊಳೆಯನ್ನು ದೂರಬೇಡಿ. ಮಾಪಕ ಇಲ್ಲದ ಗುಡ್ಡದ ತುದಿಯಲ್ಲಿ ನಿಮಗೆ ಗೊತ್ತಿಲ್ಲದಷ್ಟು ಮಳೆ ಸುರಿದಿದೆ ಎಂದರ್ಥ. ಘಟ್ಟದಲ್ಲಿ ಇದು ಮಾಮೂಲು.

2019ರ ಮುಂಗಾರನ್ನು ಈ ಕಣ್ಣಿನಿಂದ ನೋಡಿ. ಜುಲೈ ತನಕ ಕೊರತೆಯ ಮಾತು, ಆಗಸ್ಟ್ ಮೊದಲ ಎರಡು ವಾರದಲ್ಲಿ ಬೆಳಗಾವಿಯಿಂದ ಕೊಡಗಿನವರೆಗೆ ನೆರೆ. ಋತುವಿನ ಮೊತ್ತ ನೋಡಿದವನಿಗೆ ಅದು ‘ಒಳ್ಳೆಯ ಮಳೆ’ಯ ವರ್ಷ. ನದಿಗೆ ಮೊತ್ತಕ್ಕಿಂತ ಹಂಚಿಕೆಯೇ ಮುಖ್ಯ.

ಹಳ್ಳದ ಹರಿವು ಅಳೆಯುವುದು

ಅಣೆಕಟ್ಟಿಲ್ಲದ ಸಣ್ಣ ಹಳ್ಳವೊಂದು ಹತ್ತಿರವಿದ್ದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಬೇಕಾದದ್ದು ಅಳತೆ ಪಟ್ಟಿ, ಗುರುತು ಹಾಕಿದ ಕೋಲು, ಎರಡು ಹಗ್ಗ, ನಿಲುಗಡಿಯಾರ, ಅರ್ಧ ಮುಳುಗಿ ತೇಲುವ ಯಾವುದಾದರೂ ವಸ್ತು. ಕಿತ್ತಳೆಹಣ್ಣು ಅಥವಾ ಮುಕ್ಕಾಲು ನೀರು ತುಂಬಿದ ಸಣ್ಣ ಬಾಟಲಿ ಚೆನ್ನ. ಒಣ ಎಲೆ ಬೇಡ, ಗಾಳಿ ತಳ್ಳುತ್ತದೆ.

ತಿರುವು, ಬಂಡೆ, ಮಡು ಇಲ್ಲದ ನೇರ ಜಾಗ ಹುಡುಕಿ 10 ಮೀಟರ್ ಅಂತರದಲ್ಲಿ ಅಡ್ಡಲಾಗಿ ಎರಡು ಹಗ್ಗ ಕಟ್ಟಿ. ಅಗಲವನ್ನು ಮೀಟರಿಗೊಂದರಂತೆ ಭಾಗ ಮಾಡಿ, ಒಂದೊಂದು ಭಾಗದ ನಡುವೆ ಆಳ ನೋಡಿ. ಅಗಲ 4 ಮೀಟರ್, ಆಳ 0.20, 0.45, 0.50, 0.25 ಮೀಟರ್ ಇದ್ದರೆ ಅಡ್ಡಕೊಯ್ತದ ವಿಸ್ತೀರ್ಣ 1.40 ಚದರ ಮೀಟರ್. ತೇಲುವ ವಸ್ತುವನ್ನು ಮೇಲಿನ ಹಗ್ಗಕ್ಕಿಂತ ತುಸು ಮೇಲೆಯೇ ಬಿಡಿ, ಹಗ್ಗ ದಾಟುವಾಗ ಗಡಿಯಾರ ಒತ್ತಿ. ನಡುವೆ, ಎಡಕ್ಕೆ, ಬಲಕ್ಕೆ ಎಂದು ಐದಾರು ಬಾರಿ ಮಾಡಿ, ಪೊದೆಗೆ ಸಿಕ್ಕಿಕೊಂಡದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. 25 ಸೆಕೆಂಡ್ ಬಂದರೆ ಮೇಲ್ಮೈ ವೇಗ ಸೆಕೆಂಡಿಗೆ 0.40 ಮೀಟರ್. ತಳದ ನೀರು ನಿಧಾನ, ಹಾಗಾಗಿ 0.85ರಿಂದ ಗುಣಿಸಿ: 0.34. ತಳದಲ್ಲಿ ಗುಂಡುಕಲ್ಲು ತುಂಬಿದ್ದರೆ 0.80 ಹಿಡಿಯಿರಿ. 1.40 × 0.34 = 0.476 ಕ್ಯುಮೆಕ್, ಅಂದರೆ ಸುಮಾರು 17 ಕ್ಯುಸೆಕ್.

ದಿನವೂ ಇಷ್ಟು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಸೇತುವೆಯ ಕಂಬಕ್ಕೆ ಸೆಂಟಿಮೀಟರ್ ಗುರುತು ಬರೆದು, ಬೇರೆ ಬೇರೆ ಮಟ್ಟದಲ್ಲಿ ಹತ್ತು ಹನ್ನೆರಡು ಸಲ ಹರಿವು ಅಳೆಯಿರಿ. ಮಟ್ಟ ಒಂದು ಬದಿ, ಹರಿವು ಇನ್ನೊಂದು ಬದಿ ಇಟ್ಟು ರೇಖೆ ಎಳೆದರೆ ಮುಂದೆ ಕಂಬ ನೋಡಿದರೆ ಸಾಕು. ಆದರೆ ಪ್ರತಿ ದೊಡ್ಡ ನೆರೆಯ ನಂತರ ಆ ರೇಖೆಯನ್ನು ನಂಬಬೇಡಿ. ಮರಳು ಬಂದು ಕೂತರೆ ಅಥವಾ ಕೊಚ್ಚಿಹೋದರೆ ಅದೇ ಮಟ್ಟಕ್ಕೆ ಬೇರೆ ಹರಿವು. ಎರಡು ಹೊಸ ಅಳತೆ ತೆಗೆದು ಪರೀಕ್ಷಿಸಿ. ನೀರು ಮೊಣಕಾಲು ದಾಟಿದರೆ, ಕೆಂಪಾಗಿದ್ದರೆ, ಕಟ್ಟಿಗೆ ತೇಲಿಬರುತ್ತಿದ್ದರೆ ಹಳ್ಳಕ್ಕೆ ಇಳಿಯಲೇಬೇಡಿ. ಆ ದಿನ ದಡದಿಂದಲೇ ಮಟ್ಟ ಬರೆದುಕೊಳ್ಳಿ.

ಜಲಾಶಯದ ಅಂಕಿಯಿಂದ ಆಕಾಶವನ್ನು ಬೇರ್ಪಡಿಸುವುದು

ದೊಡ್ಡ ನದಿಗೆ ಜಲಾಶಯವೇ ಮಾಪಕ. ಒಳಹರಿವನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ನೀವೂ ಹಾಕಬಹುದು. ನಿನ್ನೆ 30.00 ಟಿಎಂಸಿ, ಇಂದು 31.20, ಹೊರಹರಿವು 5,000 ಕ್ಯುಸೆಕ್. ಏರಿದ 1.20 ಟಿಎಂಸಿ ಎಂದರೆ 13,889 ಕ್ಯುಸೆಕ್, ಅದಕ್ಕೆ 5,000 ಸೇರಿಸಿ: ಒಳಹರಿವು 18,900ದ ಹತ್ತಿರ. ಬೇಸಿಗೆಯಲ್ಲಿ ಆವಿಯನ್ನೂ ಸೇರಿಸಬೇಕು. ನೀರು 100 ಚದರ ಕಿಮೀ ಹರಡಿದ್ದು ದಿನಕ್ಕೆ 5 ಮಿಮೀ ಆವಿಯಾದರೆ 5 ಲಕ್ಷ ಘನ ಮೀಟರ್, 200 ಕ್ಯುಸೆಕ್‌ಗೂ ಹೆಚ್ಚು. ಆಗಸ್ಟ್‌ನಲ್ಲಿ ಇದು ನಗಣ್ಯ. ಏಪ್ರಿಲ್‌ನಲ್ಲಿ ಒಳಹರಿವಿನಷ್ಟೇ ಆಗಿರಬಹುದು. ಒಟ್ಟು ಸಂಗ್ರಹವನ್ನು ಬಳಕೆಗೆ ಸಿಗುವ ಸಂಗ್ರಹದೊಂದಿಗೆ ಹೋಲಿಸದಂತೆ ಎಚ್ಚರವಿರಲಿ. ಒಂದು ಪಟ್ಟಿ ಒಂದನ್ನು ಕೊಡುತ್ತದೆ, ಇನ್ನೊಂದು ಇನ್ನೊಂದನ್ನು.

ಇನ್ನೊಂದು ಮಾತು. ಕೆಆರ್‌ಎಸ್‌ನ ಒಳಹರಿವು ಶುದ್ಧ ಮಳೆಯ ಸುದ್ದಿಯಲ್ಲ. ಮೇಲೆ ಹಾರಂಗಿಯೂ ಹೇಮಾವತಿಯೂ ತಮ್ಮ ಪಾಲನ್ನು ಹಿಡಿದಿಟ್ಟಿರುತ್ತವೆ. ಹಾರಂಗಿಯ ಗೇಟು ತೆರೆದ ಮರುದಿನ ಕೆಆರ್‌ಎಸ್ ಒಳಹರಿವು ದುಪ್ಪಟ್ಟಾದರೆ ಮಳೆ ದುಪ್ಪಟ್ಟಾಯಿತೆಂದಲ್ಲ. ಆದ್ದರಿಂದ ಹಾರಂಗಿ, ಹೇಮಾವತಿ, ಕೆಆರ್‌ಎಸ್ ಮೂರರ ಸಂಗ್ರಹದ ಏರಿಳಿತವನ್ನೂ ಮೂರರಿಂದ ನಾಲೆಗೆ ಹೋದದ್ದನ್ನೂ ಕೆಆರ್‌ಎಸ್‌ನಿಂದ ನದಿಗೆ ಬಿಟ್ಟದ್ದನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿ. ಮೇಲಿನ ಎರಡು ಅಣೆಕಟ್ಟೆಗಳು ನದಿಗೆ ಬಿಟ್ಟದ್ದನ್ನು ಮತ್ತೆ ಸೇರಿಸಬೇಡಿ, ಅದು ಕೆಆರ್‌ಎಸ್ ಲೆಕ್ಕದಲ್ಲಿ ಬಂದೇ ಇದೆ. ಆಗ ಬರುವ ಮೊತ್ತ ನಿಸರ್ಗದ ಹರಿವಿಗೆ ಹತ್ತಿರ.

ಯಾವ ಜಲಾಶಯ ಬೇಗ ತುಂಬುತ್ತದೆ, ಯಾವುದು ಸತಾಯಿಸುತ್ತದೆ ಎಂಬುದಕ್ಕೂ ಮಿಲಿಮೀಟರ್ ಲೆಕ್ಕವೇ ಉತ್ತರ ಕೊಡುತ್ತದೆ. ಸಾಮರ್ಥ್ಯವನ್ನು ಜಲಾನಯನದಿಂದ ಭಾಗಿಸಿ ನೋಡಿ. ಕಬಿನಿ: 19.52 ಟಿಎಂಸಿ, ಸುಮಾರು 2,140 ಚದರ ಕಿಮೀ. ಹರಿದು ಬರಬೇಕಾದದ್ದು 258 ಮಿಮೀ ಮಾತ್ರ, ಅದೂ ವಯನಾಡಿನ ಜಡಿಮಳೆಯಿಂದ. ಅದಕ್ಕೇ ಅದು ಬಹುತೇಕ ವರ್ಷ ಮೊದಲಿಗ. ಹೇಮಾವತಿ: 37.10 ಟಿಎಂಸಿ, 2,810 ಚದರ ಕಿಮೀ, 374 ಮಿಮೀ. ಹಾರಂಗಿ: 8.5 ಟಿಎಂಸಿ, 420 ಚದರ ಕಿಮೀ, 573 ಮಿಮೀ. ಸಂಖ್ಯೆ ದೊಡ್ಡದಾದರೂ ಪುಷ್ಪಗಿರಿಯ ಬದಿಯ ಮಳೆಗೆ ಅದೇನೂ ಭಾರವಲ್ಲ. ತುಂಗಭದ್ರಾ: 105.79 ಟಿಎಂಸಿ, 28,180 ಚದರ ಕಿಮೀ, 106 ಮಿಮೀ. ಲಿಂಗನಮಕ್ಕಿಯ ಲೆಕ್ಕವೇ ಬೇರೆ: ಸುಮಾರು 151 ಟಿಎಂಸಿ, ಜಲಾನಯನ 2,000 ಚದರ ಕಿಮೀಗೂ ತುಸು ಕಡಿಮೆ. ಹರಿದು ಬರಬೇಕಾದದ್ದು 2,100 ಮಿಮೀಗೂ ಹೆಚ್ಚು. ಶರಾವತಿ ಕಣಿವೆಯಂಥ ಮಳೆಯ ನಾಡಿನಲ್ಲೂ ಇಷ್ಟು ಕೂಡುವುದು ಪ್ರತಿ ವರ್ಷದ ಮಾತಲ್ಲ. ಗರಿಷ್ಠ ಮಟ್ಟ 1,819 ಅಡಿ ಮುಟ್ಟಿದಾಗ ಜೋಗಕ್ಕೆ ಜನ ಮುಗಿಬೀಳುವುದು ಅದಕ್ಕೇ.

ಮಳೆ ನಿಂತ ಮೇಲಿನ ಹೊಳೆ

ಹಿಂಗಾರು ಮುಗಿದು ಡಿಸೆಂಬರ್ ಬಂದ ಮೇಲೆ ಹೊಳೆ ತನ್ನ ಉಳಿತಾಯ ಖರ್ಚು ಮಾಡುತ್ತದೆ. ಇದು ಬಹಳ ಶಿಸ್ತಿನ ಖರ್ಚು: ಪ್ರತಿ ದಿನ ಉಳಿದದ್ದರಲ್ಲಿ ಹೆಚ್ಚುಕಡಿಮೆ ಒಂದೇ ಪಾಲು ಕಡಿಮೆಯಾಗುತ್ತದೆ. ಹತ್ತು ದಿನಕ್ಕೊಮ್ಮೆ ಹರಿವು ಅಳೆದು, ಎಷ್ಟು ದಿನಕ್ಕೆ ಅರ್ಧವಾಗುತ್ತದೆ ಎಂದು ಕಂಡುಕೊಳ್ಳಿ. ಡಿಸೆಂಬರ್ 1ಕ್ಕೆ 8 ಕ್ಯುಮೆಕ್ ಇದ್ದದ್ದು 31ಕ್ಕೆ 4 ಆದರೆ ಅರ್ಧವಾಗುವ ಅವಧಿ 30 ದಿನ. ಹಾಗಾದರೆ ಜನವರಿ 30ಕ್ಕೆ 2, ಮಾರ್ಚ್ 1ಕ್ಕೆ 1, ಮಾರ್ಚ್ ಕೊನೆಗೆ ಅರ್ಧ ಕ್ಯುಮೆಕ್. ಕುಡಿಯುವ ನೀರಿನ ಯೋಜನೆಗೆ ಅರ್ಧ ಕ್ಯುಮೆಕ್ ಬೇಕಿದ್ದರೆ ಏಪ್ರಿಲ್‌ನ ಕೊರತೆ ಡಿಸೆಂಬರ್‌ನಲ್ಲೇ ಗೊತ್ತಾಗುತ್ತದೆ. ಟ್ಯಾಂಕರ್ ಟೆಂಡರಿಗೆ ಮೇ ತನಕ ಕಾಯಬೇಕಿಲ್ಲ. ನಡುವೆ ಹರಿವು ಲೆಕ್ಕಕ್ಕಿಂತ ಬೇಗ ಕುಸಿದರೆ ಮೇಲೆ ಎಲ್ಲೋ ಪಂಪು ಕೂತಿದೆ ಎಂದು ತಿಳಿಯಿರಿ. ಫೆಬ್ರುವರಿ–ಮಾರ್ಚ್‌ನಲ್ಲಿ ಕಾಫಿ ತೋಟಗಳಿಗೆ ತುಂತುರು ನೀರಾವರಿ ಶುರುವಾದಾಗ ಮಲೆನಾಡಿನ ಹಳ್ಳಗಳ ರೇಖೆ ಹೀಗೆ ಮುರಿಯುವುದು ಸಾಮಾನ್ಯ.

ಮಳೆ ಹೆಚ್ಚಿದ್ದರೆ ಬೇಸಿಗೆ ಹರಿವೂ ಹೆಚ್ಚು ಎಂಬ ನಂಬಿಕೆಯನ್ನು ನೇತ್ರಾವತಿ ಮುರಿಯುತ್ತದೆ. ಘಟ್ಟದಿಂದ ಕಡಲಿಗೆ ನೂರು ಕಿಮೀ ಸುಮಾರಿನ ಓಟ, ಕಡಿದಾದ ಇಳಿಜಾರು. ಮಳೆಗಾಲದ ನೀರು ದಿನ ಕಳೆಯುವುದರೊಳಗೆ ಅರಬ್ಬಿ ಸಮುದ್ರ ಸೇರಿಬಿಡುತ್ತದೆ. ಅಷ್ಟು ಮಳೆಯ ನಾಡಿನಲ್ಲಿ 2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆ ಕಿಂಡಿ ಅಣೆಕಟ್ಟೆ ಬರಿದಾಗುತ್ತ ಬಂದು ಮಂಗಳೂರಿಗೆ ಸರದಿಯಲ್ಲಿ ನೀರು ಬಿಡಬೇಕಾಯಿತು. ಬೇಸಿಗೆ ಹರಿವನ್ನು ತೀರ್ಮಾನಿಸುವುದು ಮಳೆಯ ಮೊತ್ತವಲ್ಲ. ಮಳೆ ಯಾವಾಗ ನಿಂತಿತು ಮತ್ತು ನೆಲ ಎಷ್ಟು ಹಿಡಿದಿಟ್ಟಿತು ಎಂಬ ಎರಡು ಸಂಗತಿಗಳು. ಅಕ್ಟೋಬರ್–ನವೆಂಬರ್‌ನಲ್ಲಿ ನಾಲ್ಕು ಹದ ಮಳೆ ಬಿದ್ದ ವರ್ಷ, ಆಗಸ್ಟ್‌ನಲ್ಲಿ ನೆರೆ ಬಂದ ವರ್ಷಕ್ಕಿಂತ ಏಪ್ರಿಲ್‌ಗೆ ಮೇಲು.

ವರ್ಷದಿಂದ ವರ್ಷಕ್ಕೆ ಏಕಿಷ್ಟು ಅಂತರ

ಇಲ್ಲಿ ಎಲ್ ನಿನೊ ಮಾತು ಬಂದೇ ಬರುತ್ತದೆ. ಪೆಸಿಫಿಕ್ ಸಾಗರದ ನಡುಭಾಗದ ಮೇಲ್ಮೈ ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ನಿಂತರೆ ನಮ್ಮ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು. ಸಂಭವ, ಅಷ್ಟೇ. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಬಂತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬಿಸಿಯಾಗಿತ್ತು. ಡೈಪೋಲ್ ಎನ್ನುವ ಈ ಸ್ಥಿತಿ ಮಳೆಯ ಕೈಹಿಡಿಯಿತು. 2002ರಲ್ಲಿ ಅಷ್ಟು ಪ್ರಬಲವಲ್ಲದ ಎಲ್ ನಿನೊ ಇದ್ದರೂ ಜುಲೈ ಪೂರ್ತಿ ಕೈಕೊಟ್ಟು ಬರ ಬಂತು. 2023ರಲ್ಲಿ ಎಲ್ ನಿನೊ ಬೆಳೆಯುತ್ತಿದ್ದಾಗ, ದೇಶದ ಮಟ್ಟಿಗೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ದಾಖಲಾಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಕೆಆರ್‌ಎಸ್ ತುಂಬಲೇ ಇಲ್ಲ.

ದೇಶದ ಸರಾಸರಿಯನ್ನು ನಿಮ್ಮ ಹೊಳೆಗೆ ಅನ್ವಯಿಸಬೇಡಿ. 2016ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇ 97, ಅಂದರೆ ‘ಸಾಮಾನ್ಯ’. ಕೊಡಗಿನಲ್ಲಿ ಕೊರತೆ, ಕಾವೇರಿ ಕಣಿವೆಯಲ್ಲಿ ಸಂಕಟ. ಹಿಂಗಾರಿನ ನಡೆ ಇನ್ನೂ ವಿಚಿತ್ರ: ಎಲ್ ನಿನೊ ವರ್ಷಗಳಲ್ಲಿ ಈಶಾನ್ಯ ಮಾರುತ ಹಲವು ಬಾರಿ ಬಲವಾಗಿರುತ್ತದೆ. ತಲಕಾವೇರಿಯ ಕಡೆ ನದಿ ಸೊರಗಿದ ವರ್ಷವೇ ತಂಜಾವೂರಿನ ಕಡೆ ಡಿಸೆಂಬರ್‌ನಲ್ಲಿ ನೀರು ತುಂಬಿ ಹರಿಯಬಹುದು. ಒಂದೇ ನದಿಗೆ ಎರಡು ಮಾರುತ, ಎರಡು ಹಣೆಬರಹ. ಮುಂಗಾರು ಬೇಗ ಬಂತು ಎಂದಮಾತ್ರಕ್ಕೆ ಹಿಗ್ಗುವುದೂ ಬೇಡ. 2025ರಲ್ಲಿ ಕೇರಳಕ್ಕೆ ಮೇ 24ಕ್ಕೇ ಬಂದು, ಕೆಆರ್‌ಎಸ್ ಜೂನ್‌ನಲ್ಲೇ ತುಂಬಿದ್ದು ನಿಜ. ಆದರೆ ಬರುವ ದಿನಕ್ಕೂ ಋತುವಿನ ಮೊತ್ತಕ್ಕೂ ಗಟ್ಟಿ ನಂಟಿಲ್ಲ.

ಹತ್ತಾರು ವರ್ಷದ ಅಂಕಿ ಕೈಗೆ ಬಂದ ಮೇಲೆ ಸರಾಸರಿಯೊಂದನ್ನೇ ನೆಚ್ಚದೆ ಖಾತ್ರಿ ಪ್ರಮಾಣ ಲೆಕ್ಕ ಹಾಕಿ: ನೂರರಲ್ಲಿ ಎಷ್ಟು ವರ್ಷ ಕನಿಷ್ಠ ಇಷ್ಟು ನೀರು ಬರುತ್ತದೆ ಎಂಬ ಲೆಕ್ಕ. ವಾರ್ಷಿಕ ಹರಿವುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಸ್ಥಾನವನ್ನು ವರ್ಷಗಳ ಸಂಖ್ಯೆಗೆ ಒಂದು ಸೇರಿಸಿದ ಸಂಖ್ಯೆಯಿಂದ ಭಾಗಿಸಿ. ಅಭ್ಯಾಸಕ್ಕೆ ಒಂಬತ್ತು ವರ್ಷ ಹೀಗಿವೆ ಎನ್ನಿ: 520, 371, 340, 322, 298, 271, 240, 205, 148 ಟಿಎಂಸಿ. ಐದನೆಯದು 5/10, ಶೇ 50ರ ಖಾತ್ರಿ: 298. ಶೇ 75 ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ: ಸುಮಾರು 222. ಸರಾಸರಿ 302. ಸರಾಸರಿಯನ್ನು ನಂಬಿ ಬೆಳೆ ಯೋಜನೆ ಮಾಡಿದವನಿಗೆ ಒಂಬತ್ತರಲ್ಲಿ ಐದು ವರ್ಷ ನೀರು ಸಾಲದು. ಆ ಒಂದು 520ರ ನೆರೆ ವರ್ಷ ಸರಾಸರಿಯನ್ನು ಮೇಲೆತ್ತಿದೆ, ನೆರೆಯ ನೀರು ಮಾತ್ರ ಕಡಲಿಗೆ ಹೋಗಿದೆ.

ಇದು ಕಾಗದದ ಕಸರತ್ತಲ್ಲ. ಕೃಷ್ಣಾ ನ್ಯಾಯಮಂಡಳಿ 1973ರಲ್ಲಿ ಹಂಚಿದ್ದು ಶೇ 75ರ ಖಾತ್ರಿಯ 2,060 ಟಿಎಂಸಿ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಿಡಿದದ್ದು ಶೇ 50ರ ಖಾತ್ರಿಯ 740 ಟಿಎಂಸಿ. ಶೇ 50 ಎಂದರೆ ಎರಡರಲ್ಲಿ ಒಂದು ವರ್ಷ ಅಷ್ಟು ನೀರು ಇರುವುದಿಲ್ಲ ಎಂದೇ ಅರ್ಥ. ಸಂಕಷ್ಟದ ವರ್ಷದ ಸೂತ್ರಕ್ಕಾಗಿ ಪ್ರತಿ ಬಾರಿ ಕಾದಾಟ ನಡೆಯುವುದರಲ್ಲಿ ಅಚ್ಚರಿಯಿಲ್ಲ.

ಹವಾಮಾನ ಬದಲಾಯಿತೋ, ಹೊಳೆಯೇ ಬದಲಾಯಿತೋ

ಹರಿವು ಕಡಿಮೆಯಾದಾಗಲೆಲ್ಲ ಹವಾಮಾನ ಬದಲಾವಣೆಯ ಕಡೆ ಕೈ ತೋರುವುದು ಸುಲಭ. ಮೊದಲು ಒಂದು ಪರೀಕ್ಷೆ ಮಾಡಿ. ವರ್ಷವರ್ಷದ ಮಳೆಯನ್ನು ಕೂಡುತ್ತ ಹೋಗಿ, ಹರಿವನ್ನೂ ಹಾಗೆಯೇ ಮಿಲಿಮೀಟರ್‌ನಲ್ಲಿ ಕೂಡುತ್ತ ಹೋಗಿ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ನೇರಕ್ಕೆ ಇಟ್ಟು ಗ್ರಾಫ್ ಕಾಗದದ ಮೇಲೆ ಚುಕ್ಕಿ ಹಾಕಿ. ಮಳೆಗೂ ಹರಿವಿಗೂ ನಂಟು ಹಾಗೇ ಉಳಿದಿದ್ದರೆ ಚುಕ್ಕಿಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ, ಮಳೆ ಕಡಿಮೆಯಾದ ವರ್ಷದಲ್ಲೂ. ಗೆರೆ ಒಂದು ಕಡೆ ಬಾಗಿ ಮತ್ತೆ ಹಿಂದಿರುಗದಿದ್ದರೆ ಆ ವರ್ಷದ ಸುತ್ತ ನೆಲದ ಮೇಲೆ ಏನೋ ಆಗಿದೆ: ಹೊಸ ನಾಲೆ, ಸಾವಿರ ಕೊಳವೆಬಾವಿ, ಹುಲ್ಲುಗಾವಲಿನಲ್ಲಿ ಅಕೇಶಿಯಾ ನೆಡುತೋಪು, ಅಥವಾ ಮಾಪಕವನ್ನೇ ಸ್ಥಳಾಂತರಿಸಿದ್ದು. ಕೊನೆಯದನ್ನು ಮೊದಲು ವಿಚಾರಿಸಿ.

ತುಂಗಭದ್ರೆಯಲ್ಲಿ ಇನ್ನೊಂದು ಬಲೆ ಇದೆ. ಆರಂಭದಲ್ಲಿ 133 ಟಿಎಂಸಿಯ ಹತ್ತಿರವಿದ್ದ ಸಾಮರ್ಥ್ಯ ಹೂಳು ತುಂಬಿ 105.79ಕ್ಕೆ ಇಳಿದಿದೆ. ಅಷ್ಟೇ ನೀರು ಬಂದರೂ ಈಗ ಜಲಾಶಯ ಬೇಗ ತುಂಬಿ ಬೇಗ ಕೋಡಿ ಹರಿಯುತ್ತದೆ. ತುಂಬಿದ ದಿನಾಂಕ ನೋಡಿ ‘ಮುಂಗಾರು ಚುರುಕಾಗಿದೆ’ ಎಂದುಕೊಂಡರೆ ಹೂಳನ್ನು ಮಳೆಯೆಂದು ಓದಿದಂತೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಹೊರಹೋದ ನೀರೂ ಹೊರಹರಿವಿನ ಪಟ್ಟಿಯಲ್ಲಿದೆ. ಷರಾ ಅಂಕಣ ಇರುವುದು ಇಂಥದ್ದಕ್ಕೇ.

ಗೆರೆ ನೇರವಿದ್ದೂ ಹರಿವಿನ ಸ್ವಭಾವ ಬದಲಾದಂತೆ ಕಂಡರೆ ಮೊತ್ತ ಬಿಟ್ಟು ಬೇರೆ ನಾಲ್ಕು ಸಂಖ್ಯೆ ತೆಗೆಯಿರಿ: ವರ್ಷದಲ್ಲಿ 64.5 ಮಿಮೀ ದಾಟಿದ ದಿನಗಳು (ಹವಾಮಾನ ಇಲಾಖೆಯ ಪ್ರಕಾರ ‘ಭಾರಿ ಮಳೆ’ ಅಲ್ಲಿಂದ ಶುರು), 2.5 ಮಿಮೀಯೂ ಬೀಳದೆ ಮುಂಗಾರಿನ ನಡುವೆ ಸತತವಾಗಿ ಹೋದ ದಿನಗಳು, ಜಲವರ್ಷದ ಅರ್ಧ ನೀರು ಹರಿದು ಮುಗಿದ ದಿನಾಂಕ, ಮತ್ತು ವರ್ಷದ ಅತಿ ಕಡಿಮೆ ಏಳು ದಿನಗಳ ಸರಾಸರಿ ಹರಿವು. ಬಿಸಿಯಾದ ಗಾಳಿ ಡಿಗ್ರಿಗೆ ಸುಮಾರು ಶೇ 7 ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದಾಗ ಹೆಚ್ಚು ಸುರಿದು, ನಡುವಿನ ಬಿಡುವು ಉದ್ದವಾಗುತ್ತ ಹೋಗುವುದು ಅದರ ಸಹಜ ಫಲ. ಮೊದಲ ಎರಡು ಸಂಖ್ಯೆಗಳು ಒಟ್ಟಿಗೆ ಏರುತ್ತಿದ್ದು ಕೊನೆಯದು ಇಳಿಯುತ್ತಿದ್ದರೆ, ಅದೂ ಮೂವತ್ತು ವರ್ಷದ ಅಂಕಿಯಲ್ಲಿ, ಆಗ ಆಕಾಶದ ಮೇಲೆ ಅನುಮಾನ ಪಡಲು ಆಧಾರವಿದೆ. ಐದು ವರ್ಷದ ಅಂಕಿಯಲ್ಲಿ ಏನು ಬೇಕಾದರೂ ಕಾಣಿಸುತ್ತದೆ.

ಈ ವರ್ಷದ ಪುಟ ತೆರೆಯುವವರು ಮೇ ಕೊನೆಯ ವಾರದಲ್ಲೇ ಹಳ್ಳಕ್ಕೆ ಹೋಗಿ ಒಮ್ಮೆ ಹರಿವು ಅಳೆದುಬಿಡಿ. ವರ್ಷದ ಕನಿಷ್ಠ ಹರಿವು ಸಿಗುವುದು ಆಗಲೇ. ರೋಹಿಣಿಯ ಒಂದು ಗುಡುಗುಮಳೆ ಬಿದ್ದರೆ ಆ ಸಂಖ್ಯೆ ಮತ್ತೆ ಮುಂದಿನ ಮೇವರೆಗೆ ಸಿಗುವುದಿಲ್ಲ.